ಇತರೆ: ನೀರು ತಂದಳು

ಆ ಮನೆಗೆ ಮೊದಲ ಸಲ ಹೋದಾಗ ಹುಡುಗಿ ತಂಬಿಗೆಯಲ್ಲಿ ನೀರು ತಂದಳು. ಯಾರಿಗೆ ಮೊದಲು ಕೊಟ್ಟಳು? ಈಗ ನೆನೆಸಿಕೊಂಡರೆ, ತಾಯಿಯ ಕೈಗೆ ಕೊಟ್ಟು, ಆಕೆ ಎರಡು ಗುಟುಕು ಕುಡಿಯುವುದನ್ನು ನೋಡಿ, ಆಮೇಲೆ ನಮ್ಮ ಕಡೆ ತಿರುಗಿದಳು ಅಂತ ಕಾಣುತ್ತದೆ. ಆದರೆ ಇದನ್ನು ನಂಬಬೇಡಿ. ಮುಂದೆ ನಡೆದದ್ದು ಗೊತ್ತಾದ ಮೇಲೆ ನನ್ನ ನೆನಪು ಹಿಂದಕ್ಕೆ ಹೋಗಿ ತಂಬಿಗೆಯ ದಾರಿಯನ್ನು ತಿದ್ದಿರಬಹುದು. ಅವತ್ತಿನ ಟಿಪ್ಪಣಿಯಲ್ಲಿ ಇರುವುದು ಒಂದೇ ಸಾಲು: ‘ಮಗುವಿನ ನಡವಳಿಕೆ ಸೌಜನ್ಯದ್ದು.’

ಈ ಸೀಮೆಯಲ್ಲಿ ಹೊಸ್ತಿಲು ದಾಟಿ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ನೀರು ತರುವ ಮಗುವನ್ನು ಯಾರೂ ಕಾಯಿಲೆಯ ಮಗು ಅನ್ನುವುದಿಲ್ಲ. ಶಹಾಣಿ, ಜಾಣೆ ಅನ್ನುತ್ತಾರೆ.

ನಾನು ಮಕ್ಕಳ ಆಪ್ತಸಮಾಲೋಚಕಿ. ಕರ್ನಾಟಕದ ಗಡಿಯಾಚೆ, ತೆಲಂಗಾಣದ ಜಹೀರಾಬಾದಿನ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ. ವಾರದಲ್ಲಿ ಒಂದು ದಿನ ನಾರಾಯಣಖೇಡಕ್ಕೆ ಬಸ್ಸು, ಅಲ್ಲಿಂದ ನಾಗಲಗಿದ್ದ ಊರಿನ ರಸ್ತೆಯ ಹಳ್ಳಿಗಳಿಗೆ ಸೀಟು ಹಂಚಿಕೊಂಡು ಹೋಗುವ ಆಟೋ. ನನ್ನ ಜೊತೆ ಬರುತ್ತಿದ್ದವರು ಝರಾಸಂಗಂ ಕಡೆಯ ಒಬ್ಬ ಹೆಂಗಸು, ಸಂಸ್ಥೆಯ ಕಾರ್ಯಕರ್ತೆ. ನನಗಿಂತ ಹದಿನೈದು ವರ್ಷ ಹಿರಿಯರು, ಓದಿದ್ದು ಹತ್ತನೇ ತರಗತಿ. ಊರೂರಿನಲ್ಲೂ ಅವರನ್ನು ಅಕ್ಕ ಅನ್ನುತ್ತಾರೆ. ನನ್ನನ್ನು ಮೇಡಂ ಅನ್ನುತ್ತಾರೆ. ಈ ಎರಡು ಪದಗಳ ನಡುವಿನ ಅಂತರ ನನ್ನನ್ನು ಎಷ್ಟು ಕುಟುಕುತ್ತಿತ್ತು ಅಂತ ಆಗ ಯಾರಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದೆ.

ಹುಡುಗಿಗೆ ಏಳು ವರ್ಷ, ಎರಡನೇ ತರಗತಿ. ಎರಡು ತಿಂಗಳಿಂದ ಶಾಲೆಗೆ ಹೋಗಿರಲಿಲ್ಲ. ಬೆಳಿಗ್ಗೆ ಚೀಲ ಹೆಗಲಿಗೆ ಬಿದ್ದ ಕೂಡಲೇ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು. ಸರಕಾರಿ ಆಸ್ಪತ್ರೆಯಲ್ಲಿ ನೋಡಿ ಏನೂ ಇಲ್ಲ ಅಂದಿದ್ದರು. ತಂದೆಗೆ ನಾರಾಯಣಖೇಡದಲ್ಲಿ ಬೀಜ, ಗೊಬ್ಬರದ ಅಂಗಡಿ. ಅವರು ನಮಗೆ ಮೊದಲ ದಿನವೇ ಹೇಳಿದ್ದರು.

“ನೋಡ್ರಿ ಮೇಡಂ, ದಸರಾ ರಜಾ ಮುಗಿಯೋತನಕ ನೋಡ್ತೀನಿ. ಆಮ್ಯಾಲ ಸುದ್ದ ಸಾಲಿಗಿ ಹೋಗ್ಲಿಲ್ಲಂದ್ರ ತಾಂಡೂರಿಗಿ ಕಳಸ್ತೀನಿ, ನಮ್ಮ ಅಣ್ಣನ ಮನಿಗಿ. ಕಾಯಂ. ಅಲ್ಲಿದ್ದಾಗ ಬರೋಬ್ಬರಿ ಹೋಗ್ತಿದ್ದಳ್. ನೀವು ಬರದು ಕೊಡ್ರಿ, ಹಂಗೇ ಮಾಡ್ತೀವಿ.”

ಬಾಗಿಲ ಸಂದಿಯಲ್ಲಿ ನಿಂತಿದ್ದ ತಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ನಾನು ಬರೆದುಕೊಡುವ ಕಾಗದದ ಮೇಲೆ ಈಕೆಯ ಮಗಳು ಈಕೆಯ ಬಳಿ ಉಳಿಯುತ್ತಾಳೋ ಇಲ್ಲವೋ ಅನ್ನುವುದು ನಿಂತಿತ್ತು.

ಹಿಂದಿನ ಕತೆ ಇಷ್ಟು. ಎರಡು ವರ್ಷದ ಹಿಂದೆ ಈಕೆಗೆ ಎರಡನೇ ಬಸಿರು ನಿಂತಿತ್ತು. ಗಂಡು ಕೂಸು, ಹೊಟ್ಟೆಯಲ್ಲೇ ತೀರಿಕೊಂಡಿತು. ಆಮೇಲೆ ತಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ತಿಂಗಳುಗಟ್ಟಲೆ ಏಳಲಿಲ್ಲ. ಹುಡುಗಿಯನ್ನು ತಾಂಡೂರಿಗೆ ದೊಡ್ಡವ್ವನ ಬಳಿ ಕಳಿಸಿದರು. ದೊಡ್ಡವ್ವನಿಗೆ ಮಕ್ಕಳಿಲ್ಲ. ಒಂದು ವರ್ಷದ ಮೇಲೆ ತಾಯಿ ಗುಳಿಗೆ ತಿಂದು ಚೇತರಿಸಿಕೊಂಡಾಗ ಮಗಳು ತಿರುಗಿ ಬಂದಳು. ಬಂದ ವಾರದಲ್ಲೇ ನಿದ್ದೆಗಣ್ಣಿನಲ್ಲಿ ತಾಯಿಯನ್ನು “ದೊಡ್ಡವ್ವ” ಅಂತ ಕರೆದಳಂತೆ. ಇದನ್ನು ಹೇಳುವಾಗ ತಾಯಿ ಮೊದಲ ಸಲ ನನ್ನ ಮುಖ ನೋಡಿದಳು.

ಕೆಲಸದ ಕ್ರಮ ಹೀಗೆ. ಮೊದಲು ಪಾಲಕರ ಫಾರಂ ಇರುತ್ತದೆ, ಅದರಲ್ಲಿ ಅವರ ನಿದ್ದೆ, ಹಸಿವು, ದುಃಖ, ಸಿಟ್ಟು, ಹೆದರಿಕೆ. ತಂದೆತಾಯಿಯ ಮನಸ್ಸಿನ ತೊಡಕು ಮಕ್ಕಳ ಆತಂಕಕ್ಕೆ ಎಲ್ಲೋ ಒಂದು ಕಡೆ ಗಂಟು ಬಿದ್ದಿರುತ್ತದೆ, ಅದಕ್ಕೇ ಆ ಫಾರಂ ಮೊದಲು. ಆದರೆ ಅದನ್ನು ತುಂಬಿಸುವುದೇ ದೊಡ್ಡ ಪಾಡು. ಪ್ರಶ್ನೆ ಕೇಳಿದಾಗೆಲ್ಲ ತಾಯಿ, “ನಂದೇನದರಿ, ಪೋರಿದು ನೋಡ್ರಿ,” ಅನ್ನುತ್ತಿದ್ದಳು. ಪಕ್ಕದಲ್ಲಿ ಅಡಿಕೆ ಕತ್ತರಿಸುತ್ತ ಆಕೆಯ ಅತ್ತೆ ಕೂತಿದ್ದರು. ನಾನು ‘ಇಲ್ಲ’ ಎಂಬ ಚೌಕಗಳಿಗೆ ಗುರುತು ಹಾಕುತ್ತ ಹೋದೆ. ಆ ಫಾರಂನಲ್ಲಿ ಹೊಟ್ಟೆಕಿಚ್ಚಿಗೆ ಒಂದೂ ಪ್ರಶ್ನೆ ಇರಲಿಲ್ಲ. ಇದು ನನಗೆ ಆಗ ಹೊಳೆದಿರಲಿಲ್ಲ.

ಎರಡನೆಯದು ಕಾಳಿನ ಆಟ. ಹತ್ತು ತೊಗರಿ ಕಾಳು, ಒಂದು ಬಟ್ಟಲು. ಎಷ್ಟು ಹೆದರಿಕೆಯೋ ಅಷ್ಟು ಕಾಳು ಬಟ್ಟಲಿಗೆ.

ನಾಯಿಗೆ ನಾಲ್ಕು ಬಿದ್ದವು. ಟೀಚರಿಗೆ ಒಂದು. ಕತ್ತಲಿಗೆ ಎರಡು. ಅವ್ವ ಮನೆಯಲ್ಲಿ, ನೀನು ಶಾಲೆಯಲ್ಲಿ ಅಂದಾಗ ಹುಡುಗಿ ಕಾಳನ್ನು ಒಂದೊಂದಾಗಿ ಹಾಕಲಿಲ್ಲ, ಅಂಗೈಯಿಂದ ಅಷ್ಟನ್ನೂ ಬಟ್ಟಲಿಗೆ ದೂಡಿಬಿಟ್ಟಳು. ಒಂದು ಕಾಳು ನೆಲಕ್ಕೆ ಉರುಳಿತು. ಅದನ್ನೂ ಹುಡುಕಿ ಹಾಕಿದಳು.

‘ತಾಯಿಯನ್ನು ಅಗಲುವ ಭಯ’ ಅಂತ ಬರೆದೆ. ಆದರೆ ಅದರ ಪಕ್ಕದಲ್ಲೇ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಬೇಕಾಯಿತು. ಒಂದು ವರ್ಷ ತಾಯಿಯನ್ನು ಬಿಟ್ಟು ತಾಂಡೂರಿನಲ್ಲಿ ನಗುನಗುತ್ತ ಇದ್ದ ಮಗುವಿಗೆ ಈಗ ಮೂರು ಫರ್ಲಾಂಗು ದೂರದ ಶಾಲೆಗೆ ಹತ್ತು ಕಾಳು ಹೇಗೆ?

ಮೂರನೆಯದು ನೋಟದ ಹಾಳೆ. ಮೂಲೆಯಲ್ಲಿ ಸುಮ್ಮನೆ ಕೂತು ಐದೈದು ನಿಮಿಷಕ್ಕೆ ಮಗು ಏನು ಮಾಡುತ್ತಿದೆ ಅಂತ ಬರೆಯಬೇಕು. ಕಾಲಂಗಳಿವೆ: ಅಳು, ಅಂಟಿಕೊಳ್ಳುವುದು, ಪ್ರಶ್ನೆ ಕೇಳುವುದು, ಆಟ. ಕೊನೆಯದು ‘ಇತರೆ’. ನನ್ನ ಹಾಳೆಯಲ್ಲಿ ಮೊದಲ ನಾಲ್ಕು ಕಾಲಂ ಬಹುಪಾಲು ಖಾಲಿ. ‘ಇತರೆ’ಯಲ್ಲಿ ಮಾತ್ರ ಬರಹ ಇದೆ. ಅದನ್ನು ನಾನೇ ಬರೆದಿದ್ದೆ, ಓದಿರಲಿಲ್ಲ.

ನಾನು ಬರೆಯುತ್ತಿದ್ದಾಗ ಅಕ್ಕ ಏನು ಮಾಡುತ್ತಿದ್ದರು? ಏನೂ ಇಲ್ಲ. ಹುಡುಗಿಯ ತಲೆ ಬಾಚುತ್ತಿದ್ದರು. ಅತ್ತೆಯ ಜೊತೆ ಅವರ ಮಂಡಿನೋವಿನ ಮಾತು, ತಾಯಿಯ ಜೊತೆ ಹೆಸರುಬೇಳೆಯ ಮಾತು, ಓಣಿಯಲ್ಲಿ ಹೋಗುವವರಿಗೆ ತೆಲುಗಿನಲ್ಲಿ ಒಂದು, ಬಳೆಗಾರ್ತಿಗೆ ದಖ್ಖನಿ ಉರ್ದುವಿನಲ್ಲಿ ಒಂದು. ಅವರ ಟಿಪ್ಪಣಿ ಅಂದರೆ ಕಿಸೆ ಕ್ಯಾಲೆಂಡರಿನಲ್ಲಿ ಒಂದು ಗೀಟು. ನನ್ನ ಮುಂದೆ ಕಾಳು ಎಣಿಸುವಾಗ ತುಟಿ ಬಿಗಿದುಕೊಳ್ಳುತ್ತಿದ್ದ ಹುಡುಗಿ ಅವರ ಮೊಣಕಾಲಿಗೆ ಒರಗಿ ಕಿವಿಯಲ್ಲಿ ಏನೇನೋ ಹೇಳುತ್ತಿದ್ದಳು.

“ಏನಂದಳು ಅಕ್ಕ?” ಆಟೋದಲ್ಲಿ ಕೇಳಿದೆ.

“ಏನಿಲ್ಲರಿ. ಅವರ ಮನಿ ಆಕಳು ಗಬ್ಬ ಅದಂತ.”

ಆಕಳಿನ ಸುದ್ದಿ ನನಗ್ಯಾಕೆ ಹೇಳಲಿಲ್ಲ? ಮೂರು ವರ್ಷ ಓದಿ, ಎರಡು ವರ್ಷ ತರಬೇತಿ ಪಡೆದು, ಈ ಭಾಷೆಯನ್ನು ಮನೆಯಲ್ಲೇ ಆಡಿ ಬೆಳೆದ ನನಗೆ ಒಂದು ಆಕಳಿನ ಸುದ್ದಿಯೂ ಸಿಗಲಿಲ್ಲ. ಸಂಸ್ಥೆಗೆ ತಿಂಗಳಿಗೊಮ್ಮೆ ಬರುತ್ತಿದ್ದ ನಮ್ಮ ಮನೋರೋಗದ ಡಾಕ್ಟರು ನನ್ನ ವರದಿ ಪೂರ್ತಿ ಕೇಳಿ, “ಅಕ್ಕ ಏನಂತಾರೆ?” ಅಂದರು. ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ.

ಅದಕ್ಕೆ ಮುಂದಿನ ವಾರ ಅಕ್ಕನಿಗೆ ಹೇಳದೆ, ದಿನ ಬದಲಿಸಿ, ಒಬ್ಬಳೇ ಹೋದೆ. ವರದಿಯಲ್ಲಿ ‘ಏಕಾಂತದಲ್ಲಿ ಮೌಲ್ಯಮಾಪನ’ ಅಂತ ಕಾರಣ ಬರೆದೆ. ಹುಡುಗಿ ಬಾಗಿಲಿಗೆ ಓಡಿ ಬಂದವಳು ನನ್ನ ಬೆನ್ನ ಹಿಂದೆ ಇಣುಕಿ ನೋಡಿದಳು.

“ಅಕ್ಕ ಎಲ್ಲಿ?”

“ಇವತ್ತು ನಾನೇ ಬಂದೀನಿ.”

“ಅಯ್ಯ!” ಅಂದು ಒಳಗೆ ಹೋದಳು.

ಅತ್ತೆ ನಗುತ್ತ, “ಖಾಲಿ ಗಾಡಿ ಬಂತು,” ಅಂದರು. ತಾಯಿಯೂ ನಕ್ಕಳು, ಬಾಯಿಗೆ ಸೆರಗು ಹಿಡಿದು. ನಾನು ಒಂದು ತಾಸು ಕೂತೆ. ಹುಡುಗಿ ಕಾಳು ಮುಟ್ಟಲಿಲ್ಲ, ಚಿತ್ರ ಬಿಡಿಸಲಿಲ್ಲ. ಎರಡು ಸಲ ಅಡಿಗೆಮನೆಗೆ ಹೋಗಿ ಬಂದಳು. ನಾನು ಎದ್ದಾಗ ತಾಯಿ ಅಂಗಳದ ತನಕ ಬಂದು, “ಅಕ್ಕನವರಿಗಿ ಕರಕೊಂಡು ಬರ್ರಿ ಮೇಡಂ,” ಅಂದಳು. ಆಮೇಲೆ ತಗ್ಗಿದ ದನಿಯಲ್ಲಿ, “ತಾಂಡೂರಿಗಿ ಕಳಸ್ರಿ ಅಂತ ಬರೀಬ್ಯಾಡ್ರಿ.”

ಆದರೆ ಆಗ ನನ್ನ ಮನಸ್ಸು ಅದನ್ನೇ ಬರೆಯುವ ಕಡೆ ವಾಲಿತ್ತು. ಖಾತ್ರಿ ಮಾಡಿಕೊಳ್ಳಲು ತಾಂಡೂರಿಗೆ ಹೋದೆ. ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ಇಳಿದಾಗ ಬಿಸಿಲು ಏರಿತ್ತು. ದೊಡ್ಡವ್ವನ ಮನೆ ಪಾಲಿಶ್ ಕಾರ್ಖಾನೆಗಳ ಸಾಲಿನ ಹಿಂದೆ. ಓಣಿಯುದ್ದಕ್ಕೂ ಗೋಡೆಗೆ ಒರಗಿಸಿಟ್ಟ ಹಾಸುಗಲ್ಲು, ಚರಂಡಿಯಲ್ಲಿ ಕಲ್ಲು ಕೊಯ್ದ ಬಿಳಿ ರಾಡಿ. ಒಳಗೆ ಮಾತ್ರ ತಣ್ಣನೆಯ ನೀಲಿ ನೆಲ. ಗೂಡಿನಲ್ಲಿ ಹುಡುಗಿಯ ರಿಬ್ಬನ್ನು, ಒಂದನೇ ತರಗತಿಯ ಪಾಟಿ, ಎಲ್ಲ ಹಾಗೇ ಇಟ್ಟಿದ್ದರು.

ದೊಡ್ಡವ್ವ ಆತುರವಿಲ್ಲದ ಹೆಂಗಸು. ಒಂದು ಪ್ರಶ್ನೆ ಕೇಳಿದರೆ ಯೋಚಿಸಿ ಒಂದು ಉತ್ತರ ಕೊಡುತ್ತಿದ್ದರು. ಶಾಲೆಗೆ ಅಳಲಿಲ್ಲ. ಹೊಟ್ಟೆನೋವು ಅನ್ನಲಿಲ್ಲ. ಸಂಜೆ ಕಲ್ಲಿನ ಚೂರು ಆಯ್ದು ಮನೆ ಕಟ್ಟಿ ಆಡುತ್ತಿದ್ದಳು. “ನಾ ಯಾರ ಮಗಳಿಗಿ ಕಸ್ಕೊಳ್ಳಾಕ ಕುಂತಿಲ್ರಿ,” ಅಂದರು. “ಬಂದ್ರ ಸಂತೋಷ, ಬರ್ಲಿಲ್ಲಂದ್ರ ಸುದ್ದ ನಮ್ಮಾಕಿನೇ. ಇದೇ ಮಾತು ಮೊನ್ನಿ ನಿಮ್ಮ ಅಕ್ಕನವರಿಗಿ ಫೋನಿನಾಗ ಹೇಳಿದ್ದೆ.”

ಅಕ್ಕ ಆಗಲೇ ಫೋನು ಮಾಡಿದ್ದರು. ನಾನು ಒಂದು ದಿನ ಕಳೆದು, ಎರಡು ಗಾಡಿ ಹತ್ತಿ ಬಂದು ಕೇಳಿದ್ದನ್ನು ಅವರು ಹೊಲದ ಬದುವಿನ ಮೇಲೆ ನಿಂತು ಕೇಳಿಬಿಟ್ಟಿದ್ದರು.

ತಿರುಗಿ ಬರುವಾಗ ಗಾಡಿಯಲ್ಲಿ ಕೂತು ವರದಿ ಬರೆದೆ. ‘ತಾಯಿಯ ಮನಃಸ್ಥಿತಿ ಮಗುವಿನ ಆತಂಕಕ್ಕೆ ಕಾರಣವಾಗಿ ಕಾಣುತ್ತದೆ. ತಾಂಡೂರಿನ ಪರಿಸರ ಅನುಕೂಲ.’ ಎರಡು ವಾಕ್ಯ. ಅಕ್ಷರ ದುಂಡಗಿದೆ, ಹೊಡೆದು ತಿದ್ದಿದ್ದೇ ಇಲ್ಲ. ಅಷ್ಟು ದುಂಡಗಿನ ಅಕ್ಷರ ಚಲಿಸುವ ಗಾಡಿಯಲ್ಲಿ ಹೇಗೆ ಬಂತು? ಮನೆಗೆ ಬಂದು ನಕಲು ಮಾಡಿರಬೇಕು. ಗಾಡಿಯಲ್ಲಿ ಬರೆದೆ ಅನ್ನುವುದು ನಾನು ಆಮೇಲೆ ಕೊಟ್ಟುಕೊಂಡ ಚಂದ.

ಆ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಮುಂದಿನ ಸಲ ಇಬ್ಬರೂ ಹೋದೆವು. ರಜೆ ಮುಗಿಯಲು ಆರು ದಿನ ಇತ್ತು. ತಂದೆಗೆ ಮಧ್ಯಾಹ್ನ ಬರಲು ಹೇಳಿದ್ದೆ. ಅದಕ್ಕೂ ಮುಂಚೆ ಕೊನೆಯದಾಗಿ ಒಂದು ಸಲ ಕಾಳಿನ ಆಟ ಮಾಡಿಸೋಣ ಅಂತ ಬಟ್ಟಲು ತೆಗೆದೆ. ಹುಡುಗಿ ಅಕ್ಕನ ಮುಂದೆ ಕೂತಿದ್ದಳು. ಒಂದು ಜಡೆ ಮುಗಿದಿತ್ತು, ಇನ್ನೊಂದರ ಮೂರು ಎಳೆ ಅಕ್ಕನ ಬೆರಳಲ್ಲಿದ್ದವು. ಇಬ್ಬರೂ ಏನೋ ಪಿಸುಗುಟ್ಟಿ ನಗುತ್ತಿದ್ದರು.

“ಬಾರವ್ವ,” ಅಂದೆ. ಬರಲಿಲ್ಲ. ಇನ್ನೊಂದು ಸಲ ಕರೆದೆ.

“ಸಾಕು ಬಿಡ್ರಿ ಅಕ್ಕ. ನಂದು ಕೆಲಸ ಅದ ಆಕಿ ಕೂಡ,” ಅಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಮೊನಚಾಗಿ ಬಂತು.

ಅಕ್ಕ ತಲೆ ಎತ್ತದೆ, ಜಡೆಯ ಎಳೆ ಬಿಡದೆ, ಎಲ್ಲರಿಗೂ ಕೇಳುವಂತೆ ಅಂದರು: “ನೋಡವ್ವ, ನೀ ನನ್ನ ಬಾಜು ಕುಂತಿದಿ ಅಂತ ಮೇಡಂ ಹೊಟ್ಟ್ಯಾಗ ಕಿಚ್ಚು ಹತ್ತ್ಯಾದ!”

ಅತ್ತೆ ಗಹಗಹಿಸಿ ನಕ್ಕರು. ತಾಯಿ ನಕ್ಕಳು. ನಾನೂ ನಗುವ ಮುಖ ಮಾಡಿದೆ.

ಹುಡುಗಿ ನಗಲಿಲ್ಲ. ಅಕ್ಕನ ಕೈಯಿಂದ ಜಡೆ ಕಿತ್ತುಕೊಂಡು ಎದ್ದು ಅಡಿಗೆಮನೆಗೆ ಓಡಿದಳು. ಗಡಿಗೆಯ ಮುಚ್ಚಳ ನೆಲಕ್ಕೆ ಬಿದ್ದ ಸದ್ದು. ತುಂಬಿದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬಂದು ನನ್ನ ಮುಂದೆ ನಿಂತಳು.

“ಕುಡೀರಿ.”

“ಈಗೇ ಕುಡದೀನವ್ವ.”

“ಕುಡೀರಿ ಮೇಡಂ. ಪೂರಾ.”

ಕುಡಿದೆ. ಕುತ್ತಿಗೆಗೆ, ಎದೆಗೆ ನೀರು ಸುರಿಯಿತು. ಹುಡುಗಿ ಒದ್ದೆ ಅಂಗೈಯನ್ನು ನನ್ನ ಹೊಟ್ಟೆಯ ಮೇಲೆ ಇಟ್ಟು, ಜ್ವರ ನೋಡುವವರ ಹಾಗೆ ಸ್ವಲ್ಪ ಹೊತ್ತು ಕಾದಳು.

“ಇನ್ನಾ ಸುಡ್ತದೇನು?”

ನಗು ನಿಂತಿತು. ಅತ್ತೆಯ ಅಡಕತ್ತರಿ ಬಾಯಿ ತೆರೆದ ಹಾಗೇ ಉಳಿಯಿತು. ಕೇಳಿದವರು ಅಕ್ಕ, ಬಲು ಮೆತ್ತಗೆ: “ಅವ್ವಗ ಸುದ್ದ ಹಿಂಗೇ ಆತದೇನವ್ವ?”

“ಹೂಂ. ಅಜ್ಜಿ ಅಂದಾಳ. ದೊಡ್ಡವ್ವನ ಫೋನ್ ಬಂದಾಗ. ಅವ್ವನ ಹೊಟ್ಟ್ಯಾಗ ಕಿಚ್ಚು ಅದ, ಆ ಕಿಚ್ಚಿನಾಗೇ ತಮ್ಮ ಸುಟ್ಟು ಹೋಗ್ಯಾನ ಅಂತ.” ಆಮೇಲೆ, ದೊಡ್ಡವರು ಇಷ್ಟೂ ತಿಳಿಯದೆ ಹೋದರಲ್ಲ ಅನ್ನುವ ಬೇಸರದಲ್ಲಿ: “ನಾ ಸಾಲಿಗಿ ಹ್ವಾದ್ರ ನೀರ್ ಯಾರ್ ಕೊಡಬೇಕು?”

ನಾನು ಚೀಲದಿಂದ ನೋಟದ ಹಾಳೆಗಳನ್ನು ತೆಗೆದೆ. ಇತರೆ: ನೀರು ತಂದಳು. ಇತರೆ: ತಾಯಿಗೆ ನೀರು. ಇತರೆ: ನೀರು. ನೀರು. ಒಬ್ಬಳೇ ಬಂದಿದ್ದ ದಿನ: ಎರಡು ಸಲ ಅಡಿಗೆಮನೆಗೆ. ನನ್ನದೇ ಕೈಬರಹ.

ತಾಂಡೂರಿನ ಪ್ರಶ್ನಾರ್ಥಕ ಚಿಹ್ನೆಗೂ ಉತ್ತರ ಸಿಕ್ಕಿತ್ತು. ಅಲ್ಲಿದ್ದಾಗ ಹುಡುಗಿಗೆ ಕಿಚ್ಚಿನ ಸುದ್ದಿ ಗೊತ್ತಿರಲಿಲ್ಲ. ಬಂದ ಮೇಲೆ ತಿಳಿಯಿತು. ತಾಯಿಯ ಸಂಕಟ ಮಗುವಿಗೆ ಅಂಟಿಕೊಳ್ಳುತ್ತದೆ ಅಂತ ನಾವು ಸುಲಭವಾಗಿ ಹೇಳುತ್ತೇವೆ, ನೆಗಡಿಯ ಹಾಗೆ. ಈ ಮಗು ಆ ಸಂಕಟದೊಳಗೆ ತನಗೊಂದು ಕೆಲಸ ಹುಡುಕಿಕೊಂಡಿತ್ತು. ಮನೆ ಬಿಟ್ಟರೆ ಕೆಲಸ ಕೆಡುತ್ತದೆ. ಅದೇ ಹತ್ತು ಕಾಳು.

“ಅಯ್ಯ, ಅದು ಮಾತಿಗಿ ಅಂದಿದ್ದೆ,” ಅಂದರು ಅತ್ತೆ. ಮುಖ ಸಣ್ಣದಾಗಿತ್ತು. “ಯಾರ್ ಅನ್ನಲ್ಲರಿ? ನಮ್ಮತ್ತಿ ನಂಗ ಅಂದಿದಳ್.”

ತಂದೆ ಬಂದರು. ಕಾಗದ ಕೇಳಿದರು. “ಇನ್ನಾ ಬರದಿಲ್ಲ,” ಅಂದೆ. ಅದು ಚೀಲದಲ್ಲೇ ಇತ್ತು. ಆರು ದಿನ ಕೊಡಿ ಅಂತ ಕೇಳಿದೆ.

ಮರುದಿನ ನಾನು ಮಾಡಿದ್ದು ಪಾಠದ ಪ್ರಕಾರ ಸರಿ, ಆದರೆ ಪೂರ್ತಿ ವಿಫಲ. ಹೊಟ್ಟೆಯ ಚಿತ್ರ ಬರೆದು, ಅನ್ನ ಎಲ್ಲಿ ಹೋಗುತ್ತದೆ ಅಂತ ತೋರಿಸಿ, ಹೊಟ್ಟೆಯಲ್ಲಿ ಬೆಂಕಿ ಇರುವುದಿಲ್ಲ, ಅದು ಬರೀ ಮಾತು ಅಂದೆ. ಹುಡುಗಿ ಚಿತ್ರವನ್ನು ಗಮನವಿಟ್ಟು ನೋಡಿದಳು.

“ಹಂಗಾದ್ರ ದೊಡ್ಡವ್ವನ ಫೋನ್ ಬಂದಾಗ ಅವ್ವ ಯಾಕ ಅಳ್ತಾಳ?”

ಬೆಂಕಿ ಸುಳ್ಳು ಅಂದೆ, ಅಳು ನಿಜ. ಅಳುವಿನ ಹೆಸರು ನಾನು ಹೇಳಿದರೆ ಆಗುವುದಿಲ್ಲ, ತಾಯಿಯೇ ಹೇಳಬೇಕು. ಅಂಗಳದಲ್ಲಿ ತಾಯಿಯನ್ನು ಕರೆದು ಕೇಳಿಕೊಂಡೆ. ಆಕೆ ಆಗದು ಅಂತ ತಲೆ ಆಡಿಸಿದಳು.

“ಅತ್ತಿ ಮುಂದ ಹ್ಯಾಂಗ ಅನ್ಲಿರಿ? ನೆಗೆಣ್ಣಿ ಮ್ಯಾಲ ಹೊಟ್ಟಿಕಿಚ್ಚು ಅದ ಅಂತ? ನನ್ನ ಮಗಳಿಗಿ ಒಂದು ವರ್ಸ ಸಾಕ್ಯಾಳ ಅಕಿ. ಕಾಲ್ ಮುಗೀಬೇಕು ನಾ. ಹಂತಾಕಿ ಮ್ಯಾಲ…” ಆ ಮಾತು ಅಷ್ಟಕ್ಕೇ ಬಿಟ್ಟು, “ಅಕಿ ಛಲೋ ಇದ್ದಾಳಂತೇ ನಂಗ ಸೇರಲ್ಲರಿ. ಕೆಟ್ಟಾಕಿ ಇದ್ರ ಸುಮ್ನಿರ್ತಿದ್ದೆ,” ಅಂದಳು.

ಈ ಮಾತು ನನ್ನೊಳಗೆ ಎಲ್ಲಿ ನಾಟಿತು ಅಂತ ಗೊತ್ತು. ನಾನು ತಾಂಡೂರಿನಿಂದ ಬಂದು ದುಂಡಗೆ ಬರೆದ ಎರಡು ವಾಕ್ಯದಲ್ಲಿ ಈ ಹೆಂಗಸಿನ ಮೇಲೆ ತೀರ್ಪು ಕೊಟ್ಟಿದ್ದೆ. ಅವಳ ರೋಗ ಯಾವುದೋ ಅದೇ ನನ್ನದಾಗಿತ್ತು. ಅವಳು ಅದಕ್ಕಾಗಿ ಅಳುತ್ತಿದ್ದಳು, ನಾನು ಅದಕ್ಕಾಗಿ ದಿನ ಬದಲಿಸಿ ಬಂದು ಹೋಗಿದ್ದೆ, ಅಷ್ಟೇ ವ್ಯತ್ಯಾಸ.

ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠ: ನಿಮ್ಮ ಮನಸ್ಸಿನ ವಿಷಯ ಅವರ ಮನೆಯೊಳಗೆ ತರಬೇಡಿ. ಒಳಗೆ ಹೋದೆ. ಹುಡುಗಿಯನ್ನು ಮುಂದೆ ಕೂರಿಸಿಕೊಂಡೆ. ಅಕ್ಕ ಗೋಡೆಗೆ ಒರಗಿ ಕೂತಿದ್ದರು, ಅತ್ತೆ ಹೊಸ್ತಿಲ ಬಳಿ, ತಾಯಿ ಕಂಬದ ಹಿಂದೆ.

“ನೋಡವ್ವ. ಅಕ್ಕ ನಿನ್ನಿ ಅಂದಿದ್ದು ಖರೇ ಅದ. ನನಗ ಅಕ್ಕನ ಮ್ಯಾಲ ಹೊಟ್ಟಿಕಿಚ್ಚು ಅದ. ನೀವೆಲ್ಲ ಅಕ್ಕಗ ಪ್ರೀತಿ ಮಾಡ್ತೀರಿ, ನನಗ ಮಾಡಲ್ಲ ಅಂತ. ಅದು ಬೆಂಕಿ ಅಲ್ಲ. ಸುಡಲ್ಲ. ಅಳು ಬರ್ತದ, ಸಿಟ್ಟು ಬರ್ತದ. ಹೊಟ್ಟಿ ಹಿಡದು ನೋಡು.”

ಹುಡುಗಿ ಹಿಡಿದು ನೋಡಿದಳು. “ತಣ್ಣಗ ಅದ,” ಅಂದಳು.

ನಾನು ಅಕ್ಕನ ಕಡೆ ನೋಡಲಿಲ್ಲ. ನೋಡಿದ್ದರೆ ನನ್ನಿಂದ ಮುಂದಿನ ಮಾತು ಆಗುತ್ತಿರಲಿಲ್ಲ. “ಇದಕ್ಕ ನೀರು ಬೇಕಾಗಿಲ್ಲ. ಇದು ನಂದು. ನಾನೇ ನೋಡ್ಕೋತೀನಿ. ನಿಂದು ಕೆಲಸ ಅಲ್ಲ.”

ಆಕಳು ಹಗ್ಗ ಜಗ್ಗುವ ಸದ್ದು ನೆನಪಿದೆ. ಆಮೇಲೆ ಕಂಬದ ಹಿಂದಿನಿಂದ ತಾಯಿ ಬಂದಳು. ಮಗಳ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

“ನಂಗ ದೊಡ್ಡವ್ವನ ಮ್ಯಾಲ,” ಅಂದಳು. ಅಷ್ಟೇ. ಆಮೇಲೆ, “ತಮ್ಮ ಸುಟ್ಟಿಲ್ಲವ್ವ. ಅಂವಾ ಹಂಗೇ ಹ್ವಾದ.”

ಅತ್ತೆ ಎದ್ದು ಹೊರಗೆ ಹೋದರು. ಕೆಟ್ಟಿತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಳ್ಳುತ್ತ ತಿರುಗಿ ಬಂದು ಸೊಸೆಯ ಪಕ್ಕದಲ್ಲಿ ಕೂತರು. “ಇನ್ ಮ್ಯಾಲ ಹಂಗ ಅನ್ನಲ್ಲ ತಗೋ,” ಅಂದರು, ಯಾರಿಗೆ ಅಂತ ತಿಳಿಯಲಿಲ್ಲ.

ರಜೆ ಮುಗಿಯುವುದರೊಳಗೆ ಮೆಟ್ಟಿಲು ಪಟ್ಟಿ ಮಾಡಿದೆವು. ಮೊದಲ ಮೆಟ್ಟಿಲು: ಒಂದು ತಾಸು ಹುಡುಗಿ ನೀರು ಕೊಡುವುದಿಲ್ಲ, ಅವ್ವ ತಾನೇ ಕುಡಿಯುತ್ತಾಳೆ. ಆಮೇಲೆ ಅರ್ಧ ದಿನ. ಆಮೇಲೆ ಪಕ್ಕದ ಮನೆಯಲ್ಲಿ ಆಟ. ಕೊನೆಗೆ ಶಾಲೆ. ಪ್ರತಿ ಮೆಟ್ಟಿಲಿಗೂ ಕಾಳು. ಒಂಬತ್ತು, ಏಳು, ಮತ್ತೆ ಒಂಬತ್ತು. ತಾಂಡೂರಿನಿಂದ ಫೋನು ಬಂದ ದಿನ ಹತ್ತಕ್ಕೆ ಏರಿತು. ಅವತ್ತು ತಾಯಿ ಅತ್ತ ಮೇಲೆ ಮಗಳನ್ನು ಕರೆದು, “ನಂದು ಅದ, ಹೋಗು, ಆಡ್ಕೊ,” ಅಂದಳಂತೆ. ಮಾತು ಚಿಕ್ಕದು, ಆದರೆ ನನ್ನ ಯಾವ ಹಾಳೆಗಿಂತಲೂ ಹೆಚ್ಚು ಕೆಲಸ ಮಾಡಿದ್ದು ಅದೇ. ತಾಯಿಗೆ ಜಹೀರಾಬಾದಿನಲ್ಲಿ ನಮ್ಮ ಡಾಕ್ಟರ ಬಳಿ ಬೇರೆಯಾಗಿ ಬರಲು ದಿನ ಗೊತ್ತು ಮಾಡಿದೆವು. ಈ ಸಲ ಆಕೆ ‘ನಂದೇನದರಿ’ ಅನ್ನಲಿಲ್ಲ.

ಶಾಲೆ ತೆರೆದ ಮೊದಲ ದಿನ ಹುಡುಗಿ ಹೋದಳು, ಆಟದ ಗಂಟೆಗೆ ಓಡಿ ಬಂದು ಬಾಗಿಲಲ್ಲಿ ನಿಂತು ತಾಯಿಯನ್ನು ನೋಡಿದಳು. ತಂದೆ ಅಂಗಡಿಯಿಂದ ನನಗೆ ಫೋನು ಮಾಡಿ, “ಆತಲ್ರಿ, ಬಂದೇ ಬಿಟ್ಟಳ್. ಗಾಡಿಗಿ ಹೇಳ್ಲೇನು?” ಅಂದರು. ಇನ್ನೂ ಎರಡು ದಿನ ಅಂದೆ. ಎರಡನೇ ದಿನ ಅವಳು ಬಂದದ್ದು ಊಟಕ್ಕೆ. ನಾಲ್ಕನೇ ದಿನ ಶಾಲೆ ಬಿಡುವ ತನಕ ಬರಲಿಲ್ಲ. ತಂದೆ ಮತ್ತೆ ಕಾಗದ ಕೇಳಲಿಲ್ಲ.

ಈ ಪ್ರಕರಣವನ್ನು ಡಾಕ್ಟರ ಮುಂದೆ ಮಂಡಿಸುವಾಗ ನಾನು ‘ನೋಟದ ಹಾಳೆಯ ಇತರೆ ಕಾಲಂನಿಂದ ಸುಳಿವು ದೊರೆಯಿತು’ ಅಂತ ಓದಿದೆ. ಸುಳ್ಳಲ್ಲ. ಅಕ್ಕ ಪಕ್ಕದಲ್ಲೇ ಕೂತಿದ್ದರು. ಇಷ್ಟು ದಿನದ ಮೇಲೆ ಇದನ್ನು ಬರೆಯುವ ಮುಂಚೆ ಅವರನ್ನು ಕೇಳಿದೆ. ಅವರ ನೆನಪು ಬೇರೆ. “ನಾ ಚ್ಯಾಷ್ಟಿಗಿ ಅಂದಿದ್ದಲ್ಲರಿ,” ಅಂದರು. “ನೀರಿನ ಮ್ಯಾಲ ನಂಗ ಮೊದ್ಲೇ ಸಂಶಯ ಇತ್ತು. ಕಿಚ್ಚು ಅಂದು ನೋಡಾಮು, ಪೋರಿ ಏನ್ ಮಾಡ್ತಾಳ ಅಂತ ಅಂದಿದ್ದೆ.” ಹಾಗಾದರೆ ಅದು ಅವರ ಪರೀಕ್ಷೆ, ನಾನು ಅದರಲ್ಲಿ ಬಳಸಿದ ಕಾಳು. ಇದು ನಿಜವೋ, ಅವರ ನೆನಪೂ ಹಿಂದೆ ಹೋಗಿ ಏನೋ ತಿದ್ದಿದೆಯೋ ಹೇಳಲಾರೆ. ಕೇಳಿದ ಕೂಡಲೇ ಹೊಟ್ಟೆಯಲ್ಲಿ ಏನೋ ಎದ್ದದ್ದು ಮಾತ್ರ ನಿಜ.

ಕೊನೆಯ ಭೇಟಿ ತೊಗರಿ ಹೂ ಬಿಟ್ಟ ಕಾಲದಲ್ಲಿ. ಸಂಜೆ ನಾಲ್ಕಕ್ಕೆ ನಾನು, ಅಕ್ಕ ಹೋಗಿ ಕೂತೆವು. ಹುಡುಗಿ ಶಾಲೆಯಿಂದ ಬಂದಳು. ಚೀಲ ಎಸೆದಳು. ಬಂದವಳೇ ಅಕ್ಕನ ಕೊರಳಿಗೆ ಜೋತುಬಿದ್ದು, ಆಕಳು ಹೆಣ್ಣುಗರು ಹಾಕಿದ ಸುದ್ದಿ ಹೇಳಿದಳು. ನನ್ನ ಪಾಲಿಗೆ ಅವಳಿಂದ ಹಲ್ಲು ಕಾಣುವಂತೆ ಒಂದು ನಗು ಬಂತು, ಅಷ್ಟೇ.

“ಏ ಪೋರಿ, ಮೇಡಂ ಬಂದು ಎಷ್ಟೊತ್ತಾತು. ನೀರ್ ಕೊಡು,” ಅಂದರು ಅತ್ತೆ.

“ಅಕಿಗಿ ಕಾಲ್ ಇಲ್ಲೇನು? ಗಡಗಿ ಅಲ್ಲೇ ಅದ,” ಅಂದವಳೇ ಕುಂಟಾಟದ ಬಿಲ್ಲೆ ಹುಡುಕಿಕೊಂಡು ಓಣಿಗೆ ಓಡಿದಳು.

“ಎಲಾ ಇಕಿ! ಶಹಾಣಿ ಇದ್ದಾಕಿ ಹಿಂಗ್ಯಾಕ ಆದಳ?” ಅಂತ ಅತ್ತೆ ಹಣೆ ಬಡಿದುಕೊಂಡರು. ತಾಯಿ ಎದ್ದೇಳಲು ಹೋದಳು. ಅಕ್ಕ ಆಕೆಯ ತೋಳು ಹಿಡಿದು ಕೂರಿಸಿ, ನನ್ನ ಕಡೆ ನೋಡಿ ಹುಬ್ಬು ಏರಿಸಿದರು.

ನನಗೆ ನಿಜಕ್ಕೂ ಬಾಯಾರಿತ್ತು. ಎದ್ದು ಅಡಿಗೆಮನೆಗೆ ಹೋಗಿ, ಗಡಿಗೆಯ ಮುಚ್ಚಳ ತೆಗೆದು, ತಂಬಿಗೆ ಮುಳುಗಿಸಿ ಅಲ್ಲೇ ನಿಂತು ಕುಡಿದೆ. ಓಣಿಯಿಂದ ಬಿಲ್ಲೆ ಕಲ್ಲಿಗೆ ತಾಗುವ ಸದ್ದು ಬರುತ್ತಿತ್ತು. ಅಕ್ಕನಿಗೂ ಒಂದು ತಂಬಿಗೆ ತುಂಬಿಕೊಂಡು ಹೊರಗೆ ಬಂದೆ.